ಲಿಪೊಪಾಲಿಸ್ಯಾಕರೈಡ್‌ನ ಜೈವಿಕ ಸಂಶ್ಲೇಷಣೆ

ಲಿಪೊಪಾಲಿಸ್ಯಾಕರೈಡ್ ಎಂಬುದು ಗ್ರಾಮ್ ಋಣಾತ್ಮಕ ಬ್ಯಾಕ್ಟೀರಿಯಾಗಳ ಹೊರಪೊರೆಯ ಹೊರಮೈಯನ್ನು ಆವರಿಸಿರುವ, ಕೊಬ್ಬು ಮತ್ತು ಸಕ್ಕರೆಗಳು ಬೆಸೆದುಕೊಂಡು ಆದ ದೊಡ್ಡ ಅಣು. ಟೈಫಾಯ್ಡ್, ಕಾಲರಾ, ದಂಡಾಣು ಆಮಶಂಕೆ ಮೊದಲಾದ ರೋಗಗಳನ್ನು ಉಂಟುಮಾಡುವ ಬ್ಯಾಕ್ಟೀರಿಯಾಗಳು ಈ ವರ್ಗಕ್ಕೆ ಸೇರಿವೆ. ಈ ಅಣುವಿನ ಕೊಬ್ಬಿನ ಭಾಗ ಪೊರೆಯೊಳಗೆ ನಾಟಿಕೊಂಡಿರುತ್ತದೆ. ಸಕ್ಕರೆಯ ಸರಪಳಿ ಹೊರಗೆ ಚಾಚಿಕೊಂಡಿರುತ್ತದೆ. ಮನುಷ್ಯನ ರೋಗನಿರೋಧಕ ವ್ಯವಸ್ಥೆಯು ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸುವುದು ಬಹುಮಟ್ಟಿಗೆ ಈ ಸರಪಳಿಯ ಮೂಲಕ. ಆದುದರಿಂದ ಒಂದು ಸಕ್ಕರೆಯ ಜೋಡಣೆಯಲ್ಲಿ ಆಗುವ ಸಣ್ಣ ವ್ಯತ್ಯಾಸವೂ ರೋಗಪತ್ತೆ, ಲಸಿಕೆ ಹಾಗೂ ಸಾಂಕ್ರಾಮಿಕದ ಗತಿಯನ್ನು ಬದಲಿಸಬಲ್ಲುದು. ಈ ಅಣುವನ್ನು ಬ್ಯಾಕ್ಟೀರಿಯಾ ಹಂತಹಂತವಾಗಿ ನಿರ್ಮಿಸಿಕೊಳ್ಳುವ ಕ್ರಿಯೆಯೇ ಲಿಪೊಪಾಲಿಸ್ಯಾಕರೈಡ್‌ನ ಜೈವಿಕ ಸಂಶ್ಲೇಷಣೆ.

ಹಿನ್ನೆಲೆ

ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕುವ ಒಂದು ವಿಧಾನವನ್ನು ಪ್ರಕಟಿಸಿದನು. ಕೆಲವು ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಉಳಿಸಿಕೊಂಡವು, ಕೆಲವು ಕಳೆದುಕೊಂಡವು. ಬಣ್ಣ ಕಳೆದುಕೊಂಡವುಗಳಿಗೆ ಗ್ರಾಮ್ ಋಣಾತ್ಮಕ ಎಂಬ ಹೆಸರು ಬಂದಿತು. ಇವುಗಳಿಗೆ ಒಳಪೊರೆಯಲ್ಲದೆ ಅದರ ಹೊರಗೆ ಇನ್ನೊಂದು ಪೊರೆಯೂ ಇದೆ ಎಂಬುದು ತಿಳಿದುಬಂದದ್ದು ಬಹಳ ಕಾಲದ ಮೇಲೆ.

ಜರ್ಮನಿಯ ರಿಚರ್ಡ್ ಫೈಫರ್ 1892ರ ಸುಮಾರಿಗೆ ಕಾಲರಾ ಬ್ಯಾಕ್ಟೀರಿಯಾಗಳನ್ನು ಅಧ್ಯಯನ ಮಾಡುತ್ತಿದ್ದಾಗ, ಸತ್ತ ಬ್ಯಾಕ್ಟೀರಿಯಾಗಳೂ ಪ್ರಯೋಗಪ್ರಾಣಿಗಳಿಗೆ ವಿಷಕಾರಿಯಾಗಿರುವುದನ್ನು ಕಂಡನು. ಈ ವಿಷ ಬ್ಯಾಕ್ಟೀರಿಯಾದ ದೇಹಕ್ಕೇ ಅಂಟಿಕೊಂಡದ್ದು ಎಂಬ ಅರ್ಥದಲ್ಲಿ ಅದಕ್ಕೆ ಎಂಡೋಟಾಕ್ಸಿನ್, ಎಂದರೆ ಒಳವಿಷ, ಎಂದು ಹೆಸರಿಟ್ಟನು. ಅದು ಇರುವುದು ಬ್ಯಾಕ್ಟೀರಿಯಾದ ಹೊರಮೈಯಲ್ಲಿ. ಹೆಸರು ಮಾತ್ರ ಒಳವಿಷವೆಂದೇ ಉಳಿಯಿತು. ಓಟ್ಟೊ ವೆಸ್ಟ್‌ಫಾಲ್ ಮತ್ತು ಓಟ್ಟೊ ಲ್ಯೂಡೆರಿಟ್ಸ್ 1952ರಲ್ಲಿ ಬಿಸಿ ಫೀನಾಲ್ ಮತ್ತು ನೀರಿನ ಮಿಶ್ರಣದಿಂದ ಈ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸುವ ಕ್ರಮವನ್ನು ರೂಪಿಸಿದ ಮೇಲೆಯೇ ಅದರ ರಾಸಾಯನಿಕ ಸ್ವರೂಪದ ವ್ಯವಸ್ಥಿತ ಅಧ್ಯಯನ ಸಾಧ್ಯವಾಯಿತು.

ಮೂರು ಭಾಗಗಳು

ಲಿಪೊಪಾಲಿಸ್ಯಾಕರೈಡ್‌ನಲ್ಲಿ ಮೂರು ಭಾಗಗಳಿವೆ. ಬುಡದಲ್ಲಿರುವುದು ಲಿಪಿಡ್-ಎ. ಇದು ಎರಡು ಗ್ಲುಕೋಸಮೈನ್ ಸಕ್ಕರೆಗಳ ಜೋಡಿ. ಎಸ್ಚರಿಕಿಯ ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾದಲ್ಲಿ ಈ ಜೋಡಿಗೆ ಆರು ಕೊಬ್ಬಿನ ಆಮ್ಲದ ಸರಪಳಿಗಳೂ ಎರಡು ಫಾಸ್ಫೇಟ್‌ಗಳೂ ಅಂಟಿಕೊಂಡಿರುತ್ತವೆ. ಇದೇ ಪೊರೆಯೊಳಗೆ ಬೇರೂರುವ ಭಾಗ, ಇದೇ ಎಂಡೋಟಾಕ್ಸಿನ್‌ನ ವಿಷಾಂಶ. ನಡುವಿನದು ಹತ್ತು ಹನ್ನೆರಡು ಸಕ್ಕರೆಗಳ ತಿರುಳು. ಹೊರತುದಿಯಲ್ಲಿರುವುದು ಓ-ಪ್ರತಿಜನಕ. ಮೂರರಿಂದ ಆರು ಸಕ್ಕರೆಗಳ ಒಂದು ಘಟಕ ಮತ್ತೆ ಮತ್ತೆ, ಕೆಲವೊಮ್ಮೆ ನೂರರವರೆಗೂ, ಪುನರಾವರ್ತನೆಯಾಗಿ ಆದ ಉದ್ದ ಸರಪಳಿ ಇದು.

ಬುಡದಿಂದ ತುದಿಗೆ ಹೋದಂತೆ ವೈವಿಧ್ಯ ಹೆಚ್ಚುತ್ತದೆ. ಲಿಪಿಡ್-ಎ ಬೇರೆ ಬೇರೆ ಪ್ರಭೇದಗಳಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯದು. ತಿರುಳಿನಲ್ಲಿ ಅಲ್ಪಸ್ವಲ್ಪ ಭೇದವಿದೆ. ಓ-ಪ್ರತಿಜನಕವಾದರೋ ಒಂದೇ ಪ್ರಭೇದದೊಳಗೂ ನೂರಾರು ಬಗೆ. ಎಸ್ಚರಿಕಿಯ ಕೊಲೈ ಒಂದರಲ್ಲೇ 180ಕ್ಕೂ ಹೆಚ್ಚು ಓ-ಗುಂಪುಗಳನ್ನು ಗುರುತಿಸಲಾಗಿದೆ.

ಒಂದು ಕೋಶದ ಮೇಲೆ ಇಂತಹ ಸುಮಾರು 10 ಲಕ್ಷ ಅಣುಗಳಿದ್ದು, ಅವು ಹೊರಮೈಯ ಸುಮಾರು ಮುಕ್ಕಾಲು ಭಾಗವನ್ನು ಮುಚ್ಚಿರುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಈ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಎಂದರೆ ನಿಮಿಷಕ್ಕೆ ಸುಮಾರು 50,000 ಅಣುಗಳನ್ನು ಹೊಸದಾಗಿ ಕಟ್ಟಿ ಹೊರಗೆ ಸಾಗಿಸಬೇಕು.

ಕಚ್ಚಾವಸ್ತು: ಚೀಟಿ ಕಟ್ಟಿದ ಸಕ್ಕರೆಗಳು

ಬಿಡಿ ಸಕ್ಕರೆಗಳು ತಾವಾಗಿಯೇ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಪ್ರತಿಯೊಂದು ಸಕ್ಕರೆಗೂ ಮೊದಲು ಯುಡಿಪಿ, ಸಿಡಿಪಿ, ಜಿಡಿಪಿ ಮೊದಲಾದ ನ್ಯೂಕ್ಲಿಯೋಟೈಡ್‌ಗಳ ಒಂದು ತುಂಡನ್ನು ಜೋಡಿಸಲಾಗುತ್ತದೆ. ಈ ತುಂಡು ಎರಡು ಕೆಲಸ ಮಾಡುತ್ತದೆ: ಯಾವ ಕಿಣ್ವದ ಬಳಿಗೆ ಹೋಗಬೇಕೆಂಬ ಗುರುತಿನ ಚೀಟಿಯಾಗಿ ನಿಲ್ಲುತ್ತದೆ, ಮತ್ತು ಬೆಸುಗೆಗೆ ಬೇಕಾದ ಶಕ್ತಿಯನ್ನು ತನ್ನ ಬಂಧದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇಂತಹ ಸಕ್ಕರೆ ನ್ಯೂಕ್ಲಿಯೋಟೈಡ್‌ಗಳನ್ನು ಕಂಡುಹಿಡಿದ ಅರ್ಜೆಂಟೀನದ ಲೂಯಿಸ್ ಲೆಲ್ವಾರ್‌ಗೆ 1970ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಬಳಕೆಯಾಗುವ ಸಕ್ಕರೆಗಳಲ್ಲಿ ಕೆಲವು ನಮಗೆ ಪರಿಚಿತವಾದವು: ಗ್ಲುಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್. ಇನ್ನು ಕೆಲವು ಮನುಷ್ಯ ದೇಹದಲ್ಲಿ ಇಲ್ಲದಂಥವು. ಎಂಟು ಇಂಗಾಲದ ಕೆಡಿಒ, ಏಳು ಇಂಗಾಲದ ಹೆಪ್ಟೋಸ್ ಇವುಗಳಲ್ಲಿ ಮುಖ್ಯ. ನಮ್ಮಲ್ಲಿಲ್ಲದ ಸಕ್ಕರೆಯನ್ನು ತಯಾರಿಸುವ ಕಿಣ್ವವೂ ನಮ್ಮಲ್ಲಿರುವುದಿಲ್ಲ. ಅದನ್ನು ತಡೆಯುವ ಔಷಧಿ ಬ್ಯಾಕ್ಟೀರಿಯಾವನ್ನು ಮಾತ್ರ ಬಾಧಿಸಬಹುದೆಂಬ ನಿರೀಕ್ಷೆ ಈ ಕ್ಷೇತ್ರದ ಸಂಶೋಧನೆಗೆ ದೊಡ್ಡ ಪ್ರೇರಣೆ.

ಬುಡದ ನಿರ್ಮಾಣ

ಲಿಪಿಡ್-ಎ ಮತ್ತು ಅದಕ್ಕೆ ಅಂಟುವ ಎರಡು ಕೆಡಿಒ ಸಕ್ಕರೆಗಳ ನಿರ್ಮಾಣಕ್ಕೆ ಎಸ್ಚರಿಕಿಯ ಕೊಲೈನಲ್ಲಿ ಒಂಬತ್ತು ಕಿಣ್ವಗಳು ಬೇಕು. ಅಮೆರಿಕದ ಕ್ರಿಶ್ಚಿಯನ್ ರೆಟ್ಸ್ ಮತ್ತು ಸಹೋದ್ಯೋಗಿಗಳು ಈ ಸರಣಿಯನ್ನು ಬಿಡಿಸಿ ತೋರಿಸಿದ್ದರಿಂದ ಇದಕ್ಕೆ ರೆಟ್ಸ್ ಮಾರ್ಗವೆಂದೇ ಹೆಸರು. ಯುಡಿಪಿ ಚೀಟಿ ಹೊತ್ತ ಎನ್-ಅಸಿಟೈಲ್ ಗ್ಲುಕೋಸಮೈನ್ ಇಲ್ಲಿಯ ಆರಂಭದ ವಸ್ತು. ಮೊದಲ ಕಿಣ್ವ ಅದಕ್ಕೆ ಒಂದು ಕೊಬ್ಬಿನ ಆಮ್ಲವನ್ನು ಸೇರಿಸುತ್ತದೆ. ಆದರೆ ಈ ಕ್ರಿಯೆ ಸುಲಭವಾಗಿ ಹಿಮ್ಮುಖವಾಗುವಂಥದು. ಎಲ್‌ಪಿಎಕ್ಸ್-ಸಿ ಎಂಬ ಎರಡನೆಯ ಕಿಣ್ವ ಅಸಿಟೈಲ್ ಗುಂಪನ್ನು ಕತ್ತರಿಸಿ ತೆಗೆದ ಮೇಲೆ ಹಿಂದಿರುಗುವ ದಾರಿ ಇಲ್ಲ. ಮುಂದೆ ಇನ್ನೊಂದು ಕೊಬ್ಬಿನ ಆಮ್ಲ ಸೇರುತ್ತದೆ, ಎರಡು ಸಕ್ಕರೆಗಳು ಜೋಡಿಯಾಗುತ್ತವೆ, ಫಾಸ್ಫೇಟ್ ಮತ್ತು ಕೆಡಿಒ ಕೂಡಿಕೊಳ್ಳುತ್ತವೆ, ಕೊನೆಗೆ ಉಳಿದೆರಡು ಕೊಬ್ಬಿನ ಆಮ್ಲಗಳು ಸೇರುತ್ತವೆ.

ಎಲ್‌ಪಿಎಕ್ಸ್-ಸಿಯ ಪ್ರಮಾಣವನ್ನು ಕೋಶ ಬಹಳ ಬಿಗಿಯಾಗಿ ನಿಯಂತ್ರಿಸುತ್ತದೆ. ಲಿಪಿಡ್-ಎ ಕಡಿಮೆಯಾದರೆ ಹೊರಪೊರೆ ಉಳಿಯದು; ಹೆಚ್ಚಾದರೂ ಕೋಶಕ್ಕೆ ಮಾರಕ. ಒಂದೇ ಕೊಬ್ಬಿನ ದಾಸ್ತಾನಿನಿಂದ ಸಾಮಾನ್ಯ ಪೊರೆಯ ಫಾಸ್ಫೋಲಿಪಿಡ್‌ಗಳೂ ಲಿಪಿಡ್-ಎ ಕೂಡ ತಯಾರಾಗಬೇಕಾದ್ದರಿಂದ ಒಂದು ಮಿತಿಮೀರಿದರೆ ಇನ್ನೊಂದಕ್ಕೆ ಕೊರತೆ. ಆದ್ದರಿಂದ ಎಫ್‌ಟಿಎಸ್-ಎಚ್ ಎಂಬ ಪ್ರೋಟೀನು ಹೆಚ್ಚುವರಿ ಎಲ್‌ಪಿಎಕ್ಸ್-ಸಿಯನ್ನು ಸದಾ ತುಂಡರಿಸುತ್ತಿರುತ್ತದೆ.

ಇದರ ಮೇಲೆ ತಿರುಳಿನ ಹೆಪ್ಟೋಸ್, ಗ್ಲುಕೋಸ್, ಗ್ಯಾಲಕ್ಟೋಸ್‌ಗಳು ಒಂದೊಂದಾಗಿ ಸೇರುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಕಿಣ್ವವಿದೆ. ಇಷ್ಟೆಲ್ಲವೂ ಒಳಪೊರೆಯ ಒಳಮೈಯಲ್ಲಿ ನಡೆಯುತ್ತದೆ. ಬಳಿಕ ಎಂಎಸ್‌ಬಿ-ಎ ಎಂಬ ಪ್ರೋಟೀನು ಸಿದ್ಧವಾದ ಅಣುವನ್ನು ಪೊರೆಯ ಹೊರಮೈಗೆ ಮಗುಚಿಹಾಕುತ್ತದೆ.

ಓ-ಪ್ರತಿಜನಕದ ನಿರ್ಮಾಣ

ಓ-ಪ್ರತಿಜನಕ ತಿರುಳಿನ ಮೇಲೆ ನೇರವಾಗಿ ಬೆಳೆಯುವುದಿಲ್ಲ. ಅದು ಬೇರೊಂದು ಕಡೆ, ಬೇರೊಂದು ವಾಹಕದ ಮೇಲೆ ತಯಾರಾಗಿ ಕೊನೆಯಲ್ಲಿ ಬಂದು ಸೇರುತ್ತದೆ. ಈ ವಾಹಕ 55 ಇಂಗಾಲಗಳ ಅಂಡೆಕಾಪ್ರೆನೈಲ್ ಫಾಸ್ಫೇಟ್ ಎಂಬ ಕೊಬ್ಬಿನ ಅಣು. ಸಾಲ್ಮೊನೆಲ್ಲ ಟೈಫಿಮ್ಯೂರಿಯಮ್‌ನಲ್ಲಿ ಇದು ಹೆಚ್ಚು ವಿವರವಾಗಿ ಅಧ್ಯಯನಗೊಂಡಿದೆ. ಅಲ್ಲಿ ಮೊದಲು ಗ್ಯಾಲಕ್ಟೋಸ್, ಅದರ ಮೇಲೆ ರ್‍ಯಾಮ್ನೋಸ್, ಆಮೇಲೆ ಮ್ಯಾನೋಸ್, ಮ್ಯಾನೋಸ್‌ನ ಪಕ್ಕಕ್ಕೆ ಕೊಂಬೆಯಂತೆ ಅಬೆಕ್ವೋಸ್, ಹೀಗೆ ನಾಲ್ಕು ಸಕ್ಕರೆಗಳ ಒಂದು ಘಟಕ ವಾಹಕದ ಮೇಲೆ ಸಿದ್ಧವಾಗುತ್ತದೆ. ಒಂದು ಪ್ರೋಟೀನು ಈ ಘಟಕವನ್ನು ವಾಹಕದ ಸಮೇತ ಪೊರೆಯ ಆಚೆಗೆ ಮಗುಚುತ್ತದೆ. ಆಚೆಗೆ ಬಂದ ಘಟಕಗಳನ್ನು ಇನ್ನೊಂದು ಕಿಣ್ವ ಪೋಣಿಸುತ್ತದೆ.

ಪೋಣಿಸುವ ರೀತಿ ವಿಚಿತ್ರವಾದುದು. ಹೂ ಕಟ್ಟುವವರು ಹೊಸ ಹೂವನ್ನು ಮಾಲೆಯ ತುದಿಗೆ ಸೇರಿಸುತ್ತ ಹೋಗುತ್ತಾರೆ. ಇಲ್ಲಿ ಹಾಗಲ್ಲ. ಅದುವರೆಗೆ ಬೆಳೆದ ಇಡೀ ಸರಪಳಿಯನ್ನು ಅದರ ವಾಹಕದಿಂದ ಬಿಡಿಸಿ, ಹೊಸದಾಗಿ ಬಂದ ಒಂದೇ ಘಟಕದ ಮೇಲೆ ಕೂರಿಸಲಾಗುತ್ತದೆ. ಗೋಡೆ ಕಟ್ಟುವವನು ಪ್ರತಿ ಹೊಸ ಇಟ್ಟಿಗೆಯನ್ನೂ ನೆಲದ ಮೇಲಿಟ್ಟು ಇಡೀ ಗೋಡೆಯನ್ನು ಅದರ ಮೇಲಕ್ಕೆ ಎತ್ತಿಟ್ಟಂತೆ. ಹೀಗಾಗಿ ಎಲ್ಲಕ್ಕಿಂತ ಮೊದಲು ತಯಾರಾದ ಘಟಕ ಸರಪಳಿಯ ಹೊರತುದಿಯಲ್ಲಿರುತ್ತದೆ. ಫಿಲಿಪ್ಸ್ ರಾಬಿನ್ಸ್ ಮತ್ತು ಸಂಗಡಿಗರು ಇದನ್ನು 1967ರಲ್ಲಿ ತೋರಿಸಿಕೊಟ್ಟರು. ವ್ಯವಸ್ಥೆ ತಲೆಕೆಳಗಾಗಿ ಕಂಡರೂ ಅದಕ್ಕೆ ಕಾರಣವಿದೆ. ಒಳಪೊರೆಯ ಆಚೆ ಕೋಶದ ಸಾಮಾನ್ಯ ಇಂಧನವಾದ ಎಟಿಪಿ ದೊರೆಯುವುದಿಲ್ಲ. ಸರಪಳಿಯನ್ನು ವಾಹಕಕ್ಕೆ ಜೋಡಿಸಿರುವ ಫಾಸ್ಫೇಟ್ ಬಂಧದಲ್ಲಿ ಮಾತ್ರ ಶಕ್ತಿ ಉಳಿದಿರುತ್ತದೆ. ಆ ಬಂಧ ಮುರಿದಾಗಲೇ ಹೊಸ ಬೆಸುಗೆ ಸಾಧ್ಯ.

ಸರಪಳಿ ಎಷ್ಟು ಉದ್ದವಾಗಬೇಕೆಂಬುದನ್ನು ಮತ್ತೊಂದು ಪ್ರೋಟೀನು ನಿರ್ಧರಿಸುತ್ತದೆ. ಉದ್ದವಾದ ಸರಪಳಿಯನ್ನು ಡಬ್ಲ್ಯುಎಎ-ಎಲ್ ಎಂಬ ಕಿಣ್ವ ತಿರುಳಿನ ಮೇಲೆ ಬೆಸೆದು, ವಾಹಕವನ್ನು ಮರುಬಳಕೆಗೆ ಬಿಡುತ್ತದೆ. ಇದೇ ವಾಹಕ ಬ್ಯಾಕ್ಟೀರಿಯಾದ ಗಟ್ಟಿ ಕೋಶಭಿತ್ತಿಯ ನಿರ್ಮಾಣಕ್ಕೂ ಬೇಕಾದುದು. ಓ-ಪ್ರತಿಜನಕದ ಕೆಲಸ ನಡುವೆ ಎಲ್ಲಿಯಾದರೂ ನಿಂತರೆ ವಾಹಕಗಳು ಅರ್ಧ ಹೊರೆ ಹೊತ್ತು ಅಲ್ಲಿಯೇ ಸಿಕ್ಕಿಬೀಳುತ್ತವೆ, ಕೋಶಭಿತ್ತಿಗೂ ತೊಂದರೆಯಾಗುತ್ತದೆ. ಓ-ಪ್ರತಿಜನಕವನ್ನು ಪೂರ್ತಿ ಬಿಟ್ಟುಬಿಟ್ಟ ಬ್ಯಾಕ್ಟೀರಿಯಾ ಪ್ರಯೋಗಶಾಲೆಯಲ್ಲಿ ಚೆನ್ನಾಗಿಯೇ ಬದುಕುತ್ತದೆ; ಅರ್ಧಕ್ಕೆ ನಿಲ್ಲಿಸಿದ್ದು ನರಳುತ್ತದೆ.

ಎಲ್ಲ ಬ್ಯಾಕ್ಟೀರಿಯಾಗಳೂ ಇದೇ ಕ್ರಮವನ್ನು ಅನುಸರಿಸುವುದಿಲ್ಲ. ಕಾಲರಾ ಬ್ಯಾಕ್ಟೀರಿಯಾದ ಓ1 ಗುಂಪಿನಲ್ಲಿ ಪೆರೋಸಮೈನ್ ಎಂಬ ಒಂದೇ ಸಕ್ಕರೆಯ ಸರಪಳಿ ಒಳಗೇ ಪೂರ್ಣವಾಗಿ ಬೆಳೆದು, ಎಟಿಪಿ ಬಳಸುವ ಸಾಗಣೆಯ ದ್ವಾರದ ಮೂಲಕ ಆಚೆಗೆ ಹೋಗುತ್ತದೆ.

ಹೊರಪೊರೆಗೆ ಸಾಗಣೆ

ಒಳಪೊರೆಗೂ ಹೊರಪೊರೆಗೂ ನಡುವೆ ನೀರಿನಂಶದಿಂದ ಕೂಡಿದ ಒಂದು ಅವಕಾಶವಿದೆ. ಕೊಬ್ಬಿನ ಬುಡವುಳ್ಳ ಅಣು ಅದನ್ನು ತಾನಾಗಿ ದಾಟಲಾರದು. ಎಲ್‌ಪಿಟಿ ಎಂಬ ಹೆಸರಿನ ಏಳು ಪ್ರೋಟೀನುಗಳು ಸೇರಿ ಎರಡು ಪೊರೆಗಳ ನಡುವೆ ಒಂದು ಸೇತುವೆಯನ್ನು ಕಟ್ಟುತ್ತವೆ. ಎಟಿಪಿಯ ಶಕ್ತಿಯಿಂದ ಕೆಳಗಿನಿಂದ ತಳ್ಳಿದ ಪ್ರತಿ ಅಣುವೂ ತನ್ನ ಮುಂದಿನದನ್ನು ತಳ್ಳುತ್ತ ಸಾಲಾಗಿ ಸಾಗಿ, ಹೊರಪೊರೆಯ ದ್ವಾರದಲ್ಲಿ ಹೊರಮೈಗೆ ಸೇರಿಕೊಳ್ಳುತ್ತದೆ.

ಸಾಲ್ಮೊನೆಲ್ಲದ ಮೂರು ಸಕ್ಕರೆಗಳು

ಸಾಲ್ಮೊನೆಲ್ಲದಲ್ಲಿ 2,500ಕ್ಕೂ ಹೆಚ್ಚು ಸೀರೋ ಮಾದರಿಗಳಿವೆ. ಇವುಗಳನ್ನು ಓ-ಪ್ರತಿಜನಕ ಮತ್ತು ಕಶಾಂಗದ ಪ್ರತಿಜನಕಗಳ ಆಧಾರದ ಮೇಲೆ ವಿಂಗಡಿಸುವ ಪಟ್ಟಿಗೆ ಕೌಫ್‌ಮನ್-ವೈಟ್ ಪಟ್ಟಿ ಎಂದು ಹೆಸರು. ಈ ವಿಂಗಡಣೆ ಮೊದಲು ಕೇವಲ ರಕ್ತಸಾರದ ಪರೀಕ್ಷೆಗಳಿಂದ ನಡೆದಿತ್ತು. ಅಕ್ಷರಗಳೂ ಅಂಕಿಗಳೂ ಯಾವ ವಸ್ತುವನ್ನು ಸೂಚಿಸುತ್ತವೆಂಬುದು ವೆಸ್ಟ್‌ಫಾಲ್, ಲ್ಯೂಡೆರಿಟ್ಸ್ ಹಾಗೂ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆನ್-ಮರೀ ಸ್ಟೌಬ್ ಅವರ ಕೆಲಸದಿಂದ ಸ್ಪಷ್ಟವಾಯಿತು.

ಎ, ಬಿ ಮತ್ತು ಡಿ ಗುಂಪುಗಳ ಸರಪಳಿಯ ಬೆನ್ನೆಲುಬು ಒಂದೇ: ಗ್ಯಾಲಕ್ಟೋಸ್, ರ್‍ಯಾಮ್ನೋಸ್, ಮ್ಯಾನೋಸ್. ಭೇದವಿರುವುದು ಪಕ್ಕದ ಕೊಂಬೆಯ ಒಂದು ಸಕ್ಕರೆಯಲ್ಲಿ. ಬಿ ಗುಂಪಿನಲ್ಲಿ ಅಬೆಕ್ವೋಸ್, ಎ ಗುಂಪಿನಲ್ಲಿ ಪ್ಯಾರಟೋಸ್, ಡಿ ಗುಂಪಿನಲ್ಲಿ ಟೈವೆಲೋಸ್. ಇವುಗಳ ಹೆಸರುಗಳಲ್ಲಿಯೇ ಇವುಗಳ ಮೂಲ ಅಡಗಿದೆ. ಕುದುರೆಗಳಲ್ಲಿ ಗರ್ಭಪಾತ ಉಂಟುಮಾಡುವ ಸಾಲ್ಮೊನೆಲ್ಲ ಅಬಾರ್ಟಸ್ ಇಕ್ವೈನಿಂದ ಅಬೆಕ್ವೋಸ್, ಪ್ಯಾರಾಟೈಫಿಯಿಂದ ಪ್ಯಾರಟೋಸ್, ಟೈಫಿಯಿಂದ ಟೈವೆಲೋಸ್.

ಮೂರೂ ಒಂದೇ ಮಧ್ಯವರ್ತಿ ಸಕ್ಕರೆಯಿಂದ ಹುಟ್ಟುತ್ತವೆ. ಒಂದು ಕಿಣ್ವ ಅದನ್ನು ಅಬೆಕ್ವೋಸ್ ಮಾಡುತ್ತದೆ, ಇನ್ನೊಂದು ಪ್ಯಾರಟೋಸ್ ಮಾಡುತ್ತದೆ. ಪ್ಯಾರಟೋಸ್‌ನಲ್ಲಿ ಒಂದು ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪಿನ ದಿಕ್ಕನ್ನು ಮತ್ತೊಂದು ಕಿಣ್ವ ತಿರುಗಿಸಿದರೆ ಅದೇ ಟೈವೆಲೋಸ್ ಆಗುತ್ತದೆ. ಪ್ಯಾರಾಟೈಫಿ-ಎ ಬ್ಯಾಕ್ಟೀರಿಯಾದಲ್ಲಿ ಈ ಕೊನೆಯ ಕಿಣ್ವದ ವಂಶವಾಹಿ ಇದೆ. ಆದರೆ ಅದರ ಆರಂಭದಲ್ಲಿಯೇ ಓದಿನ ಚೌಕಟ್ಟನ್ನು ತಪ್ಪಿಸುವ ಒಂದು ಉತ್ಪರಿವರ್ತನೆಯಾಗಿ ಅದು ನಿಷ್ಕ್ರಿಯವಾಗಿದೆ. ಎ ಗುಂಪು ಡಿ ಗುಂಪಿನಿಂದ ಬೇರೆಯಾದದ್ದು ಹೊಸದೊಂದನ್ನು ಗಳಿಸಿ ಅಲ್ಲ, ಇದ್ದುದೊಂದನ್ನು ಕಳೆದುಕೊಂಡು.

ವಿಡಾಲ್ ಪರೀಕ್ಷೆಯೊಂದಿಗೆ ಸಂಬಂಧ

ಫ್ರಾನ್ಸಿನ ಫೆರ್ನಾಂಡ್ ವಿಡಾಲ್ 1896ರಲ್ಲಿ ಬಳಕೆಗೆ ತಂದ ಟೈಫಾಯ್ಡ್ ಪರೀಕ್ಷೆ ಭಾರತದಲ್ಲಿ ಇಂದಿಗೂ ಸಾಮಾನ್ಯ. ಅದರ ವರದಿಯಲ್ಲಿ ಕಾಣುವ ಟಿಓ, ಟಿಎಚ್, ಎಎಚ್, ಬಿಎಚ್ ಎಂಬ ಸಾಲುಗಳಲ್ಲಿ ಟಿಓ ಎಂಬುದು ಟೈಫಿ ಬ್ಯಾಕ್ಟೀರಿಯಾದ ಓ-ಪ್ರತಿಜನಕಕ್ಕೆ ರೋಗಿಯ ರಕ್ತದಲ್ಲಿರುವ ಪ್ರತಿಕಾಯಗಳ ಮಟ್ಟ. ಉಳಿದ ಮೂರು ಕಶಾಂಗದ ಪ್ರತಿಜನಕಗಳಿಗೆ ಸಂಬಂಧಿಸಿದವು. ಓ ಎಂಬುದು ಸೊನ್ನೆಯಲ್ಲ. ಚಲಿಸುವ ಬ್ಯಾಕ್ಟೀರಿಯಾಗಳು ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಂಜಿನಂತೆ ತಟ್ಟೆಯ ತುಂಬ ಹರಡುವುದನ್ನು ಕಂಡ ಸಂಶೋಧಕರು ಅದಕ್ಕೆ ಜರ್ಮನ್ ಭಾಷೆಯ ‘ಹೌಖ್’, ಎಂದರೆ ಉಸಿರು, ಎಂಬ ಪದವನ್ನು ಬಳಸಿದರು. ಹಾಗೆ ಹರಡದವು ‘ಓನೆ ಹೌಖ್’, ಉಸಿರಿಲ್ಲದವು. ಎಚ್ ಮತ್ತು ಓ ಈ ಪದಗಳ ಮೊದಲಕ್ಷರಗಳು.

ಎ, ಬಿ, ಡಿ ಗುಂಪುಗಳಿಗೆ ಸಾಮಾನ್ಯವಾದ ಬೆನ್ನೆಲುಬು ಓ12 ಎಂಬ ಗುರುತಾಗಿ ವರ್ತಿಸುತ್ತದೆ. ಟೈವೆಲೋಸ್ ಇರುವ ಡಿ ಗುಂಪಿಗೆ ಓ9 ಎಂಬ ಸ್ವಂತ ಗುರುತೂ ಇದೆ. ಪರೀಕ್ಷೆಯ ದ್ರಾವಣದಲ್ಲಿರುವುದು ಇಡೀ ಬ್ಯಾಕ್ಟೀರಿಯಾವಾದ್ದರಿಂದ ಬೇರೆ ಸಾಲ್ಮೊನೆಲ್ಲದ ಸೋಂಕಿನಿಂದ ಹುಟ್ಟಿದ ಓ12ರ ಪ್ರತಿಕಾಯಗಳೂ ಅಲ್ಲಿ ಅಂಟಿಕೊಳ್ಳುತ್ತವೆ, ಟಿಓ ಮಟ್ಟ ಏರಿದಂತೆ ಕಾಣುತ್ತದೆ. ಹಿಂದಿನ ಸೋಂಕು ಅಥವಾ ಲಸಿಕೆಯೂ ಫಲಿತಾಂಶವನ್ನು ಮಬ್ಬಾಗಿಸಬಹುದು. ಒಂದೇ ಸಲದ ವಿಡಾಲ್ ವರದಿಯನ್ನು ನೆಚ್ಚಿ ಟೈಫಾಯ್ಡ್ ಎಂದು ತೀರ್ಮಾನಿಸುವುದು ಸರಿಯಲ್ಲ. ರೋಗ ಖಚಿತಪಡಿಸಲು ಪ್ರತಿಜೀವಕ ಕೊಡುವ ಮುನ್ನ ತೆಗೆದ ರಕ್ತದ ಕೃಷಿಪರೀಕ್ಷೆ ಹೆಚ್ಚು ವಿಶ್ವಾಸಾರ್ಹ.

1992ರ ಕಾಲರಾ

ಓ-ಪ್ರತಿಜನಕದ ಬದಲಾವಣೆ ಏನು ಮಾಡಬಲ್ಲುದೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ದಕ್ಷಿಣ ಭಾರತದಲ್ಲಿಯೇ ದೊರೆತಿದೆ. ಕಾಲರಾ ಬ್ಯಾಕ್ಟೀರಿಯಾದಲ್ಲಿ ಅಂದಿನವರೆಗೆ 138 ಓ-ಗುಂಪುಗಳು ತಿಳಿದಿದ್ದವು. ಅವುಗಳಲ್ಲಿ ಸಾಂಕ್ರಾಮಿಕವಾಗಿ ಹಬ್ಬುವುದು ಓ1 ಒಂದೇ ಎಂಬುದು ಸ್ಥಿರವಾದ ತಿಳಿವಳಿಕೆಯಾಗಿತ್ತು. 1992ರ ಕೊನೆಯ ತಿಂಗಳುಗಳಲ್ಲಿ ಮದರಾಸಿನಲ್ಲಿ ಕಾಲರಾ ಕಾಣಿಸಿಕೊಂಡಿತು. ರೋಗಲಕ್ಷಣಗಳು ಕಾಲರಾದವೇ, ಬ್ಯಾಕ್ಟೀರಿಯಾ ತಯಾರಿಸುವ ವಿಷವೂ ಅದೇ; ಆದರೆ ಓ1ರ ರಕ್ತಸಾರದೊಂದಿಗೆ ಅದು ಪ್ರತಿಕ್ರಿಯಿಸಲಿಲ್ಲ. ತಿಳಿದಿದ್ದ ಉಳಿದ 137 ಗುಂಪುಗಳಿಗೂ ಅದು ಸೇರಲಿಲ್ಲ. ಕೆಲವೇ ತಿಂಗಳಲ್ಲಿ ಅದು ಕಲ್ಕತ್ತೆಗೂ ಬಾಂಗ್ಲಾದೇಶಕ್ಕೂ ಹಬ್ಬಿತು. ಹೊಸ ಗುಂಪಿಗೆ ಓ139 ಎಂಬ ಅಂಕಿಯೂ, ಬಂಗಾಳ ಕೊಲ್ಲಿಯ ತೀರದಲ್ಲಿ ಹಬ್ಬಿದ್ದರಿಂದ ಬೆಂಗಾಲ್ ಎಂಬ ಹೆಸರೂ ಬಂದವು.

ಕಾಲರಾ ನೆಲೆಸಿದ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಮಕ್ಕಳು ಹೆಚ್ಚಾಗಿ ರೋಗಕ್ಕೆ ಈಡಾಗುತ್ತಾರೆ. ದೊಡ್ಡವರಿಗೆ ಹಿಂದಿನ ಸೋಂಕುಗಳಿಂದ ಬಂದ ರಕ್ಷಣೆ ಇರುತ್ತದೆ. ಓ139 ಬಂದಾಗ ದೊಡ್ಡವರೂ ಬಹುಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು. ಅವರ ದೇಹದಲ್ಲಿದ್ದ ಪ್ರತಿಕಾಯಗಳು ಪೆರೋಸಮೈನ್ ಸರಪಳಿಯನ್ನು ಗುರುತಿಸುವಂಥವು. ಹೊಸ ಬ್ಯಾಕ್ಟೀರಿಯಾದ ಮೈಮೇಲೆ ಅದು ಇರಲೇ ಇಲ್ಲ; ಕಾಲಿಟೋಸ್ ಎಂಬ ಸಕ್ಕರೆಯುಳ್ಳ ಬೇರೆ ರಚನೆ ಇತ್ತು. ಓ1 ಎಲ್ ಟಾರ್ ತಳಿಯ ಬ್ಯಾಕ್ಟೀರಿಯಾವೇ ತನ್ನ ಓ-ಪ್ರತಿಜನಕದ ವಂಶವಾಹಿಗಳ ಸುಮಾರು 22,000 ಅಕ್ಷರಗಳ ಭಾಗವನ್ನು ಕಳೆದುಕೊಂಡು, ಅದರ ಸ್ಥಾನದಲ್ಲಿ ಬೇರೆಡೆಯಿಂದ ಬಂದ ಸುಮಾರು 35,000 ಅಕ್ಷರಗಳ ಭಾಗವನ್ನು ಪಡೆದುಕೊಂಡಿತ್ತೆಂದು ಮುಂದೆ ತಿಳಿದುಬಂದಿತು. ಒಳಗಿನ ಬ್ಯಾಕ್ಟೀರಿಯಾ ಹಳೆಯದು, ಹೊರಗಿನ ಸಕ್ಕರೆ ಮಾತ್ರ ಹೊಸದು.

ಮುಂದಿನ ವರ್ಷಗಳಲ್ಲಿ ಓ139 ಹಿಂದೆ ಸರಿದು ಓ1 ಮತ್ತೆ ಪ್ರಧಾನವಾಯಿತು. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಭಾರತದಲ್ಲಿ ಪರವಾನಗಿ ಪಡೆದ ಶಾಂಕಾಲ್ ಎಂಬ ಬಾಯಿಯ ಮೂಲಕ ಕೊಡುವ ಲಸಿಕೆಯಲ್ಲಿ ಎರಡೂ ಗುಂಪುಗಳ ಸತ್ತ ಬ್ಯಾಕ್ಟೀರಿಯಾಗಳನ್ನು ಸೇರಿಸಲಾಗಿತ್ತು.

ಅಪೂರ್ಣ ಸರಪಳಿಯಿಂದ ಲಸಿಕೆ

ಓ-ಪ್ರತಿಜನಕವಿರುವ ಬ್ಯಾಕ್ಟೀರಿಯಾಗಳು ತಟ್ಟೆಯ ಮೇಲೆ ನುಣುಪಾದ ಗುಂಪುಗಳಾಗಿಯೂ, ಕಳೆದುಕೊಂಡವು ಒರಟಾದ ಗುಂಪುಗಳಾಗಿಯೂ ಬೆಳೆಯುತ್ತವೆ. ಜೋಸೆಫ್ ಆರ್ಕ್‌ರೈಟ್ 1921ರಲ್ಲಿಯೇ ಈ ಭೇದವನ್ನು ವರ್ಣಿಸಿದ್ದನು. ಒರಟು ಬಗೆಯವು ರಕ್ತದಲ್ಲಿರುವ ರಕ್ಷಣಾ ಪ್ರೋಟೀನುಗಳಿಗೆ ಬೇಗ ಬಲಿಯಾಗುವುದರಿಂದ ಸಾಮಾನ್ಯವಾಗಿ ರೋಗ ತರಲಾರವು. ಆದರೆ ಅವುಗಳಲ್ಲಿ ಓ-ಪ್ರತಿಜನಕವೇ ಇಲ್ಲದ್ದರಿಂದ ಲಸಿಕೆಯಾಗಿಯೂ ಹೆಚ್ಚು ಉಪಯೋಗವಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಜರ್ಮೇನಿಯರ್ ಮತ್ತು ಫ್ಯೂರರ್ 1975ರಲ್ಲಿ ಪ್ರಕಟಿಸಿದ ಟಿವೈ21ಎ ಎಂಬ ಟೈಫಾಯ್ಡ್ ತಳಿ ಈ ಇಕ್ಕಟ್ಟಿಗೆ ಒಂದು ಜಾಣ ಪರಿಹಾರ. ಗ್ಲುಕೋಸ್‌ನ್ನು ಗ್ಯಾಲಕ್ಟೋಸ್ ಆಗಿ ಪರಿವರ್ತಿಸುವ ಕಿಣ್ವ ಇದರಲ್ಲಿ ಕೆಲಸ ಮಾಡದು. ಹೊರಗಿನಿಂದ ಗ್ಯಾಲಕ್ಟೋಸ್ ಕೊಟ್ಟರೆ ಮಾತ್ರ ಪೂರ್ಣ ಸರಪಳಿ ತಯಾರಾಗುತ್ತದೆ. ಹೆಚ್ಚು ದೊರೆತರೆ ಅದನ್ನು ಅರಗಿಸಿಕೊಳ್ಳಲಾರದೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ದೇಹದೊಳಗೆ ಅದು ಪ್ರತಿಕಾಯಗಳನ್ನು ಹುಟ್ಟಿಸುವಷ್ಟು ಕಾಲ ಇದ್ದು, ಬಳಿಕ ಅಳಿಯುತ್ತದೆ. ಈ ವಿವರಣೆ ಸೊಗಸಾಗಿದ್ದರೂ ಪೂರ್ಣವಲ್ಲ. ಇದೇ ಒಂದು ದೋಷವನ್ನೂ, ಹೊರಕೋಶವಾದ ವಿಐ ಪ್ರತಿಜನಕದ ಕೊರತೆಯನ್ನೂ ಉದ್ದೇಶಪೂರ್ವಕವಾಗಿ ಉಂಟುಮಾಡಿದ ಬೇರೊಂದು ತಳಿ 1988ರಲ್ಲಿ ವರದಿಯಾದ ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಟೈಫಾಯ್ಡ್ ತಂದಿತು. ಟಿವೈ21ಎಯ ನಿರುಪದ್ರವತೆಗೆ ಅದರಲ್ಲಿರುವ ಇತರ ಉತ್ಪರಿವರ್ತನೆಗಳೂ ಕಾರಣವೆಂಬುದು ಹೀಗೆ ತಿಳಿಯಿತು.

ಚಿಕಿತ್ಸೆಯಲ್ಲಿ ಮಹತ್ವ

ಲಿಪಿಡ್-ಎಯನ್ನು ಗುರುತಿಸುವ ಗ್ರಾಹಕ ಟಿಎಲ್‌ಆರ್-4 ಎಂಬುದನ್ನು ಬ್ರೂಸ್ ಬಾಯ್ಟ್‌ಲರ್ 1998ರಲ್ಲಿ ಇಲಿಗಳ ಅಧ್ಯಯನದಿಂದ ಕಂಡುಹಿಡಿದನು. 2011ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೆ ಪಾಲು ದೊರೆಯಿತು. ರಕ್ತದಲ್ಲಿ ಲಿಪಿಡ್-ಎ ಹೆಚ್ಚಾದಾಗ ದೇಹದ ಪ್ರತಿಕ್ರಿಯೆ ಅಂಕೆ ಮೀರಿ, ರಕ್ತದೊತ್ತಡ ಕುಸಿದು, ಸಾವೂ ಸಂಭವಿಸಬಹುದು.

ಕೊಲಿಸ್ಟಿನ್ ಎಂಬ ಹಳೆಯ ಪ್ರತಿಜೀವಕ ಲಿಪಿಡ್-ಎಯ ಫಾಸ್ಫೇಟ್‌ಗಳಿಗೆ ಅಂಟಿಕೊಂಡು ಪೊರೆಯನ್ನು ಒಡೆಯುತ್ತದೆ. ಬೇರೆ ಔಷಧಿಗಳು ವಿಫಲವಾದಾಗ ಇದು ಕೊನೆಯ ಆಸರೆ. ಆ ಫಾಸ್ಫೇಟ್‌ನ್ನು ಮರೆಮಾಡುವ ಎಂಸಿಆರ್-1 ಎಂಬ ವಂಶವಾಹಿ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ರೂಪದಲ್ಲಿ, ಚೀನದ ಹಂದಿಗಳಲ್ಲಿಯೂ ಮನುಷ್ಯರಲ್ಲಿಯೂ ಇರುವುದು 2015ರಲ್ಲಿ ವರದಿಯಾಯಿತು. ಕೋಳಿ, ಹಂದಿ, ಮೀನು ಸಾಕಣೆಯಲ್ಲಿ ಕೊಲಿಸ್ಟಿನ್ ಬಳಸುವುದನ್ನು ಭಾರತ ಸರಕಾರ 2019ರಲ್ಲಿ ನಿಷೇಧಿಸಿತು.

ಸಂಶ್ಲೇಷಣೆಯ ಹಂತಗಳನ್ನೇ ತಡೆಯುವ ಔಷಧಿಗಳ ಹುಡುಕಾಟದಲ್ಲಿ ಎಲ್‌ಪಿಎಕ್ಸ್-ಸಿ ದೀರ್ಘಕಾಲದ ಗುರಿ. ಪ್ರಯೋಗಶಾಲೆಯಲ್ಲಿ ಅದನ್ನು ತಡೆಯುವ ಅನೇಕ ಸಂಯುಕ್ತಗಳು ದೊರೆತಿವೆ. ಸಾಗಣೆಯ ಸೇತುವೆಯನ್ನು ಗುರಿಯಾಗಿಸಿಕೊಂಡ ಜೋಸುರಬಾಲ್ಪಿನ್ ಎಂಬ ಸಂಯುಕ್ತ 2024ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗಳಲ್ಲಿ ಹರಡುವ, ಕಾರ್ಬಪೆನೆಮ್‌ಗಳಿಗೂ ಬಗ್ಗದ ಅಸಿನೆಟೊಬ್ಯಾಕ್ಟರ್‌ನ ವಿರುದ್ಧ ಇದು ಕೆಲಸ ಮಾಡುತ್ತದೆ: ಲಿಪೊಪಾಲಿಸ್ಯಾಕರೈಡ್ ಸೇತುವೆಯ ಬುಡದಲ್ಲಿಯೇ ಸಿಕ್ಕಿಕೊಳ್ಳುವಂತೆ ಮಾಡುತ್ತದೆ, ಹಿಂದಿನ ಅಣುಗಳು ಒಳಗೆ ರಾಶಿ ಬೀಳುತ್ತವೆ, ಕೋಶ ಸಾಯುತ್ತದೆ.